ಅಮೆರಿಕದ ವಿದೇಶಿ ನೆರವಿನಲ್ಲಿ ಕಾಂಗ್ರೆಸ್ಸಿನ ಪಾತ್ರ

ಅಮೆರಿಕ ಸಂಯುಕ್ತ ಸಂಸ್ಥಾನವು ಅನ್ಯ ರಾಷ್ಟ್ರಗಳಿಗೆ ನೀಡುವ ಆರ್ಥಿಕ, ಮಾನವೀಯ ಹಾಗೂ ಸೈನಿಕ ಸಹಾಯವನ್ನು ಒಟ್ಟಾಗಿ ವಿದೇಶಿ ನೆರವು ಎಂದು ಕರೆಯಲಾಗುತ್ತದೆ. ಈ ನೆರವನ್ನು ವಿತರಿಸುವುದು ಕಾರ್ಯಾಂಗದ ಹೊಣೆ. ಆದರೆ ಅದಕ್ಕೆ ಬೇಕಾದ ಹಣವನ್ನು ಮಂಜೂರು ಮಾಡುವ, ಆ ಹಣವು ಯಾವ ಉದ್ದೇಶಕ್ಕೆ, ಯಾವ ದೇಶಕ್ಕೆ, ಯಾವ ಷರತ್ತಿನ ಮೇಲೆ ಸಲ್ಲಬೇಕೆಂದು ಗೊತ್ತುಪಡಿಸುವ ಅಧಿಕಾರ ಆ ದೇಶದ ಶಾಸಕಾಂಗವಾದ ಕಾಂಗ್ರೆಸ್ಸಿಗೆ ಸೇರಿದೆ. ಸೆನೆಟ್ ಮತ್ತು ಪ್ರತಿನಿಧಿಗಳ ಸಭೆ ಎಂಬ ಎರಡು ಸದನಗಳುಳ್ಳ ಕಾಂಗ್ರೆಸ್, ಎರಡನೆಯ ಮಹಾಯುದ್ಧದ ನಂತರದ ಕಾಲದಲ್ಲಿ ಈ ಅಧಿಕಾರವನ್ನು ಬಳಸಿ ನೆರವನ್ನು ಬಡತನ ನಿವಾರಣೆ, ಆರೋಗ್ಯ, ಮಾನವ ಹಕ್ಕು ಹಾಗೂ ಪ್ರಜಾಪ್ರಭುತ್ವದ ಕಡೆಗೆ ತಿರುಗಿಸಲು ಯತ್ನಿಸುತ್ತ ಬಂದಿದೆ.

2023ರ ಆರ್ಥಿಕ ವರ್ಷದಲ್ಲಿ ಅಮೆರಿಕದ ವಿದೇಶಿ ನೆರವಿನ ಮೊತ್ತ ಸುಮಾರು 7,200 ಕೋಟಿ ಡಾಲರ್ ಆಗಿತ್ತು. ಇದು ಅಲ್ಲಿನ ಕೇಂದ್ರ ಸರ್ಕಾರದ ಒಟ್ಟು ವೆಚ್ಚದಲ್ಲಿ ಶೇಕಡ 1ಕ್ಕಿಂತ ಸ್ವಲ್ಪ ಹೆಚ್ಚು. ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಅಮೆರಿಕದ ಪ್ರಜೆಗಳು ಈ ಪಾಲನ್ನು ವಾಸ್ತವಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಊಹಿಸುವುದು ಕಂಡುಬಂದಿದೆ. ಶಾಸಕರು ನೆರವಿನ ಪರವಾಗಿ ಮತ ಹಾಕುವಾಗ ಎದುರಿಸುವ ರಾಜಕೀಯ ಕಷ್ಟಕ್ಕೆ ಇದೊಂದು ಮುಖ್ಯ ಕಾರಣ.

ಸಂವಿಧಾನಾತ್ಮಕ ನೆಲೆ

ಅಮೆರಿಕದ ಸಂವಿಧಾನದ ಒಂದನೆಯ ವಿಧಿಯು ತೆರಿಗೆ ವಿಧಿಸುವ ಹಾಗೂ ವೆಚ್ಚ ಮಾಡುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಡುತ್ತದೆ. ಕಾನೂನಿನ ಮೂಲಕ ಮಂಜೂರಾಗದ ಯಾವ ಹಣವನ್ನೂ ಖಜಾನೆಯಿಂದ ತೆಗೆಯುವಂತಿಲ್ಲ ಎಂಬುದು ಅದೇ ವಿಧಿಯ ಒಂಬತ್ತನೆಯ ಪರಿಚ್ಛೇದದ ಕಟ್ಟಳೆ. ಎರಡನೆಯ ವಿಧಿಯು ಅನ್ಯ ರಾಷ್ಟ್ರಗಳೊಡನೆ ಒಪ್ಪಂದ ಮಾಡಿಕೊಳ್ಳುವ ಹಾಗೂ ರಾಯಭಾರಿಗಳನ್ನು ನೇಮಿಸುವ ಅಧಿಕಾರವನ್ನು ಸೆನೆಟ್ಟಿನ ಒಪ್ಪಿಗೆಗೆ ಒಳಪಡಿಸಿ ಅಧ್ಯಕ್ಷರಿಗೆ ನೀಡುತ್ತದೆ. ಹೀಗಾಗಿ ವಿದೇಶಾಂಗ ನೀತಿಯ ಚುಕ್ಕಾಣಿ ಅಧ್ಯಕ್ಷರ ಕೈಯಲ್ಲಿದ್ದರೂ ಥೈಲಿಯ ದಾರ ಶಾಸಕರ ಕೈಯಲ್ಲಿದೆ. ವಿದೇಶಿ ನೆರವು ಈ ಎರಡು ಅಧಿಕಾರಗಳು ಸಂಧಿಸುವ ಸ್ಥಳ. ಅದರ ಚರಿತ್ರೆಯಲ್ಲಿ ಸಹಕಾರ ಮತ್ತು ಸಂಘರ್ಷ ಎರಡೂ ಕಾಣುತ್ತವೆ.

ಇತಿಹಾಸ

ಆರಂಭ

1812ರ ಮಾರ್ಚ್ ತಿಂಗಳಲ್ಲಿ ವೆನೆಜುವೆಲಾದ ಕರಾಕಸ್ ನಗರ ಭೂಕಂಪದಿಂದ ನಾಶವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಕಾಂಗ್ರೆಸ್ 50,000 ಡಾಲರ್ ಮೌಲ್ಯದ ಆಹಾರ ಸಾಮಗ್ರಿಯನ್ನು ಕಳುಹಿಸಲು ಕಾನೂನು ಮಾಡಿತು. ಅನ್ಯ ದೇಶದ ಜನರ ಪರಿಹಾರಕ್ಕಾಗಿ ಕಾಂಗ್ರೆಸ್ ಹಣ ಕೊಟ್ಟ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಇದು ಒಂದು. ಆದರೆ ವ್ಯವಸ್ಥಿತ ನೆರವು ಆರಂಭವಾದದ್ದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ.

1947ರ ಮಾರ್ಚ್ 12ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಗ್ರೀಸ್ ಮತ್ತು ತುರ್ಕಿಗಳಿಗೆ 40 ಕೋಟಿ ಡಾಲರ್ ನೆರವು ನೀಡುವಂತೆ ಕಾಂಗ್ರೆಸ್ಸಿನ ಜಂಟಿ ಅಧಿವೇಶನವನ್ನು ಕೋರಿದರು. ಅದೇ ವರ್ಷ ಜೂನ್ 5ರಂದು ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣವು ಯುರೋಪಿನ ಪುನರ್ನಿರ್ಮಾಣ ಯೋಜನೆಗೆ ನಾಂದಿಯಾಯಿತು.

ಮಾರ್ಷಲ್ ಯೋಜನೆ

ಮಾರ್ಷಲ್ ಯೋಜನೆಯು ಕಾರ್ಯಾಂಗದ ಕಲ್ಪನೆಯಾಗಿದ್ದರೂ ಅದಕ್ಕೆ ಕಾನೂನಿನ ರೂಪ ಕೊಟ್ಟವರು ವಿರೋಧ ಪಕ್ಷದ ಬಹುಮತವಿದ್ದ ಕಾಂಗ್ರೆಸ್ಸಿನ ಸದಸ್ಯರು. ಟ್ರೂಮನ್ ಡೆಮಾಕ್ರಟಿಕ್ ಪಕ್ಷದವರು; ಆಗ ಎರಡೂ ಸದನಗಳಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಬಹುಮತವಿತ್ತು. ಸೆನೆಟ್ಟಿನ ವಿದೇಶಾಂಗ ಸಂಬಂಧಗಳ ಸಮಿತಿಯ ಅಧ್ಯಕ್ಷರಾಗಿದ್ದ ಆರ್ಥರ್ ವ್ಯಾಂಡೆನ್‌ಬರ್ಗ್, ಒಂದು ಕಾಲಕ್ಕೆ ಅಮೆರಿಕವು ಹೊರಜಗತ್ತಿನ ಗೊಡವೆಗೆ ಹೋಗಬಾರದೆಂದು ವಾದಿಸುತ್ತಿದ್ದವರು, ಈ ವಿಧೇಯಕವನ್ನು ತಮ್ಮ ಪಕ್ಷದವರಿಗೆ ಒಪ್ಪಿಸಿದರು. ಕ್ರಿಶ್ಚಿಯನ್ ಹರ್ಟರ್ ಅವರ ನೇತೃತ್ವದಲ್ಲಿ ಪ್ರತಿನಿಧಿಗಳ ಸಭೆಯ ಆಯ್ದ ಸಮಿತಿಯೊಂದು 1947ರಲ್ಲಿ ಯುರೋಪಿಗೆ ಹೋಗಿ ಹಾಳುಬಿದ್ದ ನಗರಗಳನ್ನೂ ಕಾರ್ಖಾನೆಗಳನ್ನೂ ಕಣ್ಣಾರೆ ಕಂಡು ವರದಿ ಸಲ್ಲಿಸಿತು. ಮುಂದೆ ಅಧ್ಯಕ್ಷರಾದ ರಿಚರ್ಡ್ ನಿಕ್ಸನ್ ಈ ಸಮಿತಿಯ ಸದಸ್ಯರಲ್ಲಿ ಒಬ್ಬರಾಗಿದ್ದರು.

1948ರ ಏಪ್ರಿಲ್ 3ರಂದು ಆರ್ಥಿಕ ಸಹಕಾರ ಕಾಯಿದೆ ಜಾರಿಗೆ ಬಂದಿತು. ನಾಲ್ಕು ವರ್ಷಗಳಲ್ಲಿ ಪಶ್ಚಿಮ ಯುರೋಪಿನ ದೇಶಗಳಿಗೆ ಸುಮಾರು 1,300 ಕೋಟಿ ಡಾಲರ್ ಸಂದಿತು. ಪೂರ್ತಿ ಹಣವನ್ನು ಒಮ್ಮೆಗೇ ಕೊಡದೆ ವರ್ಷವರ್ಷವೂ ಮಂಜೂರಾತಿ ಪಡೆಯಬೇಕೆಂಬ ನಿಯಮವನ್ನು ಕಾಂಗ್ರೆಸ್ ಇರಿಸಿಕೊಂಡಿತು. ಮುಂದಿನ ಎಲ್ಲ ನೆರವಿನ ಕಾರ್ಯಕ್ರಮಗಳಿಗೂ ಇದು ಮಾದರಿಯಾಯಿತು.

1961ರ ವಿದೇಶಿ ನೆರವು ಕಾಯಿದೆ

1949ರ ಜನವರಿ 20ರ ಪದಗ್ರಹಣ ಭಾಷಣದಲ್ಲಿ ಟ್ರೂಮನ್ ಹಿಂದುಳಿದ ದೇಶಗಳಿಗೆ ತಾಂತ್ರಿಕ ಸಹಾಯ ನೀಡುವ ಸಂಕಲ್ಪವನ್ನು ಪ್ರಕಟಿಸಿದರು. ಭಾಷಣದ ನಾಲ್ಕನೆಯ ಅಂಶವಾಗಿದ್ದುದರಿಂದ ಅದಕ್ಕೆ ನಾಲ್ಕನೆಯ ಅಂಶದ ಕಾರ್ಯಕ್ರಮ ಎಂಬ ಹೆಸರು ಬಂದಿತು. 1951ರ ಪರಸ್ಪರ ಭದ್ರತಾ ಕಾಯಿದೆಯು ಸೈನಿಕ ಮತ್ತು ಆರ್ಥಿಕ ನೆರವುಗಳನ್ನು ಒಂದೇ ಚೌಕಟ್ಟಿನಲ್ಲಿ ತಂದಿತು.

ಅಧ್ಯಕ್ಷ ಜಾನ್ ಕೆನಡಿಯವರ ಕಾಲದಲ್ಲಿ, 1961ರ ಸೆಪ್ಟೆಂಬರ್ 4ರಂದು ವಿದೇಶಿ ನೆರವು ಕಾಯಿದೆ ಜಾರಿಗೆ ಬಂದಿತು. ಇದು ಅಭಿವೃದ್ಧಿ ನೆರವನ್ನು ಸೈನಿಕ ನೆರವಿನಿಂದ ಬೇರ್ಪಡಿಸಿತು. ಇದರ ಆಧಾರದ ಮೇಲೆ ಅದೇ ವರ್ಷ ನವೆಂಬರ್ 3ರಂದು ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ, ಅಂದರೆ ಯುಎಸ್‌ಎಐಡಿ, ಸ್ಥಾಪನೆಯಾಯಿತು. ಶಾಂತಿದಳ ಕಾಯಿದೆಯೂ ಅದೇ ಸೆಪ್ಟೆಂಬರಿನಲ್ಲಿ ಅಂಗೀಕಾರವಾಯಿತು. 1961ರ ಕಾಯಿದೆಯು ಅನೇಕ ತಿದ್ದುಪಡಿಗಳೊಡನೆ ಇಂದಿಗೂ ನೆರವಿನ ಮೂಲ ಕಾನೂನಾಗಿ ಉಳಿದಿದೆ.

ಹೊಸ ದಿಕ್ಕು

ವಿಯೆಟ್ನಾಂ ಯುದ್ಧದ ಕಾಲದಲ್ಲಿ ನೆರವಿನ ಬಗ್ಗೆ ಶಾಸಕರಲ್ಲಿ ಅಸಮಾಧಾನ ಬೆಳೆಯಿತು. ದೊಡ್ಡ ಅಣೆಕಟ್ಟು, ಹೆದ್ದಾರಿ, ಕಾರ್ಖಾನೆಗಳಿಗೆ ಕೊಟ್ಟ ಹಣದ ಫಲ ಬಡವರ ಮನೆಗೆ ತಲುಪುತ್ತಿಲ್ಲ ಎಂಬ ಟೀಕೆ ಕೇಳಿಬಂದಿತು. 1971ರಲ್ಲಿ ಸೆನೆಟ್ ವಿದೇಶಿ ನೆರವು ವಿಧೇಯಕವನ್ನು ತಿರಸ್ಕರಿಸಿತು. ಇದರ ಪರಿಣಾಮವಾಗಿ ಪ್ರತಿನಿಧಿಗಳ ಸಭೆಯ ವಿದೇಶಾಂಗ ಸಮಿತಿಯ ಸದಸ್ಯರೇ ಮುಂದಾಗಿ 1973ರ ಕಾಯಿದೆಯನ್ನು ರೂಪಿಸಿದರು. ಆಹಾರ ಮತ್ತು ಪೌಷ್ಟಿಕತೆ, ಆರೋಗ್ಯ ಮತ್ತು ಜನಸಂಖ್ಯೆ, ಶಿಕ್ಷಣ ಎಂಬ ಶೀರ್ಷಿಕೆಗಳಡಿ ಹಣವನ್ನು ವಿಂಗಡಿಸಿ, ಬಡವರಲ್ಲಿ ಬಡವರ ಮೂಲಭೂತ ಅಗತ್ಯಗಳಿಗೆ ಆದ್ಯತೆ ನೀಡಬೇಕೆಂದು ಈ ಕಾಯಿದೆ ವಿಧಿಸಿತು. ಸೆನೆಟರ್ ಚಾರ್ಲ್ಸ್ ಪರ್ಸಿಯವರ ತಿದ್ದುಪಡಿಯು ಅಭಿವೃದ್ಧಿ ಕಾರ್ಯಗಳಲ್ಲಿ ಮಹಿಳೆಯರನ್ನು ಒಳಗೊಳ್ಳಬೇಕೆಂದು ಸೂಚಿಸಿತು. ಅದೇ ವರ್ಷ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅವರ ತಿದ್ದುಪಡಿಯು ಕುಟುಂಬ ಯೋಜನೆಯ ವಿಧಾನವಾಗಿ ಗರ್ಭಪಾತಕ್ಕೆ ನೆರವಿನ ಹಣ ಬಳಸುವುದನ್ನು ನಿಷೇಧಿಸಿತು. ದೇಶದೊಳಗಿನ ಸಾಮಾಜಿಕ ವಿವಾದಗಳು ನೆರವಿನ ಕಾನೂನಿನಲ್ಲಿ ಪ್ರತಿಬಿಂಬಿಸುವುದಕ್ಕೆ ಇದು ಉದಾಹರಣೆ.

ಕಾರ್ಯವಿಧಾನ

ಎರಡು ಹಂತಗಳು

ಕಾಂಗ್ರೆಸ್ಸಿನಲ್ಲಿ ನೆರವು ಎರಡು ಹಂತಗಳನ್ನು ದಾಟಬೇಕು. ಮೊದಲನೆಯದು ಅಧಿಕೃತೀಕರಣ. ಕಾರ್ಯಕ್ರಮವೊಂದನ್ನು ನಡೆಸಲು ಅನುಮತಿ, ಅದರ ಗುರಿ, ನಿಯಮ ಹಾಗೂ ಗರಿಷ್ಠ ಮೊತ್ತ ಈ ಹಂತದಲ್ಲಿ ನಿರ್ಧಾರವಾಗುತ್ತವೆ. ಸೆನೆಟ್ಟಿನ ವಿದೇಶಾಂಗ ಸಂಬಂಧಗಳ ಸಮಿತಿ ಹಾಗೂ ಪ್ರತಿನಿಧಿಗಳ ಸಭೆಯ ವಿದೇಶಾಂಗ ವ್ಯವಹಾರಗಳ ಸಮಿತಿ ಇದನ್ನು ನೋಡಿಕೊಳ್ಳುತ್ತವೆ. ಎರಡನೆಯದು ಧನವಿನಿಯೋಗ. ಖಜಾನೆಯಿಂದ ನಿಜವಾಗಿ ಎಷ್ಟು ಹಣ ತೆಗೆಯಬಹುದೆಂದು ಇಲ್ಲಿ ಗೊತ್ತಾಗುತ್ತದೆ. ಪ್ರತಿವರ್ಷ ಅಂಗೀಕರಿಸಬೇಕಾದ 12 ಧನವಿನಿಯೋಗ ವಿಧೇಯಕಗಳಲ್ಲಿ ನೆರವಿಗೆ ಸಂಬಂಧಿಸಿದ ವಿಧೇಯಕವೂ ಒಂದು. ಎರಡೂ ಸದನಗಳ ಧನವಿನಿಯೋಗ ಸಮಿತಿಗಳ ಉಪಸಮಿತಿಗಳು ಇದನ್ನು ಸಿದ್ಧಪಡಿಸುತ್ತವೆ.

ಕಾಂಗ್ರೆಸ್ ಕೊನೆಯ ಬಾರಿಗೆ ಸಮಗ್ರ ಅಧಿಕೃತೀಕರಣ ಕಾಯಿದೆಯನ್ನು ಅಂಗೀಕರಿಸಿದ್ದು 1985ರಲ್ಲಿ. ಆ ಬಳಿಕ ನೆರವಿನ ನೀತಿಯ ಬಹುಭಾಗ ವಾರ್ಷಿಕ ಧನವಿನಿಯೋಗ ವಿಧೇಯಕದ ಒಳಗೇ ಸೇರತೊಡಗಿತು. ಇದರಿಂದ ಉಪಸಮಿತಿಗಳ ಪ್ರಭಾವ ಹೆಚ್ಚಿತು.

ನಿಗದಿ ಮತ್ತು ಷರತ್ತು

ನಿರ್ದಿಷ್ಟ ಮೊತ್ತವನ್ನು ನಿರ್ದಿಷ್ಟ ಕಾರ್ಯಕ್ಕೇ ವಿನಿಯೋಗಿಸಬೇಕೆಂದು ಶಾಸಕರು ಕಾನೂನಿನಲ್ಲಿ ಬರೆಯುವುದುಂಟು. ಮಲೇರಿಯಾ ನಿಯಂತ್ರಣ, ತಾಯಿ-ಮಕ್ಕಳ ಆರೋಗ್ಯ, ಮೂಲ ಶಿಕ್ಷಣ, ಕುಡಿಯುವ ನೀರು, ಪ್ರಜಾಪ್ರಭುತ್ವ ಕಾರ್ಯಕ್ರಮಗಳಿಗೆ ಇಂಥ ನಿಗದಿ ಇರುತ್ತದೆ. ಇಸ್ರೇಲ್, ಈಜಿಪ್ಟ್, ಜೋರ್ಡಾನ್ ಮುಂತಾದ ದೇಶಗಳ ಮೊತ್ತವನ್ನು ಹೆಸರಿಸಿಯೇ ಹೇಳುವ ರೂಢಿಯೂ ಇದೆ. ಕಾನೂನಿನ ಪಠ್ಯದಲ್ಲಿ ಸೇರಿದ ನಿಗದಿಯು ಕಾರ್ಯಾಂಗವನ್ನು ಬಂಧಿಸುತ್ತದೆ. ಸಮಿತಿಯ ವರದಿಯಲ್ಲಷ್ಟೇ ಇರುವ ಸೂಚನೆಗೆ ಆ ಬಲವಿಲ್ಲದಿದ್ದರೂ, ಮುಂದಿನ ವರ್ಷ ಮತ್ತೆ ಅದೇ ಸಮಿತಿಯ ಮುಂದೆ ನಿಲ್ಲಬೇಕಾದ ಅಧಿಕಾರಿಗಳು ಅದನ್ನು ಸಾಮಾನ್ಯವಾಗಿ ಪಾಲಿಸುತ್ತಾರೆ.

ಅನೇಕ ಷರತ್ತುಗಳ ಜೊತೆಗೆ ವಿನಾಯಿತಿಯ ಅಧಿಕಾರವನ್ನೂ ಕೊಡಲಾಗುತ್ತದೆ. ರಾಷ್ಟ್ರೀಯ ಭದ್ರತೆಯ ಹಿತದೃಷ್ಟಿಯಿಂದ ನೆರವು ಅಗತ್ಯವೆಂದು ಅಧ್ಯಕ್ಷರು ಅಥವಾ ವಿದೇಶಾಂಗ ಕಾರ್ಯದರ್ಶಿ ಲಿಖಿತವಾಗಿ ದೃಢೀಕರಿಸಿದರೆ ಷರತ್ತನ್ನು ಸಡಿಲಿಸಬಹುದು.

ಮುನ್ಸೂಚನೆ ಮತ್ತು ಮೇಲ್ವಿಚಾರಣೆ

ಮೊದಲು ತಿಳಿಸಿದ ಉದ್ದೇಶಕ್ಕಿಂತ ಬೇರೆಯಾದ ಕಾರ್ಯಕ್ಕೆ ಹಣ ತೊಡಗಿಸುವುದಾದರೆ ಕಾರ್ಯಾಂಗವು ಸಂಬಂಧಿಸಿದ ಸಮಿತಿಗಳಿಗೆ 15 ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ಈ ಅವಧಿಯಲ್ಲಿ ಸಮಿತಿಯ ಅಧ್ಯಕ್ಷರು ಅಥವಾ ಪ್ರತಿಪಕ್ಷದ ಹಿರಿಯ ಸದಸ್ಯರು ಆಕ್ಷೇಪ ಎತ್ತಿ ಹಣವನ್ನು ತಡೆಹಿಡಿಯಬಹುದು. ಈ ತಡೆಗೆ ಕಾನೂನಿನ ಕಟ್ಟುನಿಟ್ಟಾದ ಆಧಾರಕ್ಕಿಂತ ಸಂಪ್ರದಾಯದ ಬಲವೇ ಹೆಚ್ಚು. ಇದಲ್ಲದೆ ಸಮಿತಿಗಳ ವಿಚಾರಣೆ, ಶಾಸಕರ ವಿದೇಶ ಪ್ರವಾಸ, ಕಾಂಗ್ರೆಸ್ಸಿನ ಅಧೀನದ ಸರ್ಕಾರಿ ಹೊಣೆಗಾರಿಕೆ ಕಚೇರಿಯ ಲೆಕ್ಕಪರಿಶೋಧನೆ ಹಾಗೂ ಇಲಾಖೆಗಳ ಮಹಾನಿರೀಕ್ಷಕರ ವರದಿಗಳ ಮೂಲಕ ಮೇಲ್ವಿಚಾರಣೆ ನಡೆಯುತ್ತದೆ. 2016ರ ವಿದೇಶಿ ನೆರವು ಪಾರದರ್ಶಕತೆ ಮತ್ತು ಹೊಣೆಗಾರಿಕೆ ಕಾಯಿದೆಯು ಕಾರ್ಯಕ್ರಮಗಳ ಮೌಲ್ಯಮಾಪನ ನಡೆಸಿ ಮಾಹಿತಿಯನ್ನು ಸಾರ್ವಜನಿಕರಿಗೆ ಒದಗಿಸುವುದನ್ನು ಕಡ್ಡಾಯಗೊಳಿಸಿತು.

ಮಾನವ ಹಕ್ಕುಗಳ ಷರತ್ತು

1973ರಲ್ಲಿ ಪ್ರತಿನಿಧಿಗಳ ಸಭೆಯ ಸದಸ್ಯ ಡೊನಾಲ್ಡ್ ಫ್ರೇಸರ್ ಅವರ ಉಪಸಮಿತಿಯು ಮಾನವ ಹಕ್ಕುಗಳ ಕುರಿತು ಸರಣಿ ವಿಚಾರಣೆಗಳನ್ನು ನಡೆಸಿತು. ಆಗ ಅಮೆರಿಕದ ನೆರವು ಪಡೆಯುತ್ತಿದ್ದ ಹಲವು ಸರ್ಕಾರಗಳು ತಮ್ಮ ಪ್ರಜೆಗಳನ್ನು ಹಿಂಸಿಸುತ್ತಿದ್ದವು. ಈ ವಿಚಾರಣೆಗಳ ಫಲವಾಗಿ 1974ರಲ್ಲಿ ಸೈನಿಕ ನೆರವಿಗೆ ಸಂಬಂಧಿಸಿದ 502ಬಿ ಪ್ರಕರಣವು ಕಾಯಿದೆಗೆ ಸೇರಿತು. 1975ರಲ್ಲಿ ಟಾಮ್ ಹಾರ್ಕಿನ್ ಅವರ ತಿದ್ದುಪಡಿಯಿಂದ 116ನೆಯ ಪ್ರಕರಣವು ಆರ್ಥಿಕ ನೆರವಿಗೂ ಅಂಥದೇ ನಿಯಮವನ್ನು ತಂದಿತು. ಮಾನವ ಹಕ್ಕುಗಳನ್ನು ನಿರಂತರವಾಗಿ, ಘೋರವಾಗಿ ಉಲ್ಲಂಘಿಸುವ ಸರ್ಕಾರಕ್ಕೆ ನೆರವು ಸಲ್ಲದು. ಆದರೆ ನೆರವು ನೇರವಾಗಿ ದೀನರಿಗೆ ತಲುಪುವಂತಿದ್ದರೆ ಕೊಡಬಹುದು ಎಂಬುದು ಇದರ ಸಾರ. ಆಳುವವರ ತಪ್ಪಿಗೆ ಹಸಿದವರನ್ನು ಶಿಕ್ಷಿಸಬಾರದೆಂಬ ತತ್ತ್ವ ಇದರಲ್ಲಿ ಅಡಗಿದೆ. ಈ ಕಾನೂನುಗಳ ಪಾಲನೆಗಾಗಿ ವಿದೇಶಾಂಗ ಇಲಾಖೆಯು ಪ್ರತಿವರ್ಷ ದೇಶವಾರು ಮಾನವ ಹಕ್ಕುಗಳ ವರದಿಯನ್ನು ಕಾಂಗ್ರೆಸ್ಸಿಗೆ ಸಲ್ಲಿಸುವ ಪದ್ಧತಿ ಆರಂಭವಾಯಿತು.

1997ರಿಂದ ಜಾರಿಯಲ್ಲಿರುವ ಲೇಹಿ ಕಾನೂನು ಇದೇ ಪರಂಪರೆಗೆ ಸೇರಿದ್ದು. ಸೆನೆಟರ್ ಪ್ಯಾಟ್ರಿಕ್ ಲೇಹಿಯವರ ಹೆಸರಿನ ಈ ಕಾನೂನು ಇಡೀ ದೇಶವನ್ನಲ್ಲದೆ, ಘೋರ ಉಲ್ಲಂಘನೆಯಲ್ಲಿ ತೊಡಗಿದೆಯೆಂದು ವಿಶ್ವಾಸಾರ್ಹ ಮಾಹಿತಿ ಇರುವ ನಿರ್ದಿಷ್ಟ ಸೇನಾ ಅಥವಾ ಪೊಲೀಸ್ ಘಟಕವನ್ನು ನೆರವಿನಿಂದ ಹೊರಗಿಡುತ್ತದೆ. ತಪ್ಪಿತಸ್ಥರನ್ನು ನ್ಯಾಯದ ಮುಂದೆ ನಿಲ್ಲಿಸಲು ಸರ್ಕಾರವು ಪರಿಣಾಮಕಾರಿ ಕ್ರಮ ಕೈಗೊಂಡರೆ ನೆರವನ್ನು ಮತ್ತೆ ಆರಂಭಿಸಬಹುದು.

ಪ್ರಜಾಪ್ರಭುತ್ವಕ್ಕೆ ನೆರವು

1982ರ ಜೂನ್ 8ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಬ್ರಿಟಿಷ್ ಸಂಸತ್ತಿನ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ ಪ್ರಜಾಪ್ರಭುತ್ವದ ಸಂಸ್ಥೆಗಳನ್ನು ಜಗತ್ತಿನಾದ್ಯಂತ ಬೆಳೆಸಬೇಕೆಂದು ಕರೆ ಕೊಟ್ಟರು. ಮರುವರ್ಷ ರಾಷ್ಟ್ರೀಯ ಪ್ರಜಾಪ್ರಭುತ್ವ ದತ್ತಿ ಸ್ಥಾಪನೆಯಾಯಿತು. ಇದು ಖಾಸಗಿ ಸಂಸ್ಥೆಯಾಗಿದ್ದರೂ ಇದರ ಹಣ ಬರುವುದು ಕಾಂಗ್ರೆಸ್ಸಿನ ವಾರ್ಷಿಕ ಅನುದಾನದಿಂದ. ಅಮೆರಿಕದ ಎರಡು ಮುಖ್ಯ ಪಕ್ಷಗಳಿಗೆ ಹತ್ತಿರವಾದ ಎರಡು ಸಂಸ್ಥೆಗಳು, ಕಾರ್ಮಿಕ ಸಂಘಟನೆಯ ಒಂದು ಸಂಸ್ಥೆ ಹಾಗೂ ವಾಣಿಜ್ಯ ಮಂಡಲಿಯ ಒಂದು ಸಂಸ್ಥೆ, ಹೀಗೆ ನಾಲ್ಕು ಅಂಗಸಂಸ್ಥೆಗಳ ಮೂಲಕ ಇದು ಕೆಲಸ ಮಾಡುತ್ತದೆ. ಜರ್ಮನಿಯ ರಾಜಕೀಯ ಪಕ್ಷಗಳ ಪ್ರತಿಷ್ಠಾನಗಳು ಇದಕ್ಕೆ ಮಾದರಿಯಾಗಿದ್ದವು.

1986ರ ಸಮಗ್ರ ವರ್ಣಭೇದ ವಿರೋಧಿ ಕಾಯಿದೆಯು ಶಾಸಕರ ಸ್ವತಂತ್ರ ನಿಲುವಿಗೆ ಪ್ರಸಿದ್ಧ ಉದಾಹರಣೆ. ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ಮೇಲೆ ಆರ್ಥಿಕ ನಿರ್ಬಂಧ ಹೇರುವ ಈ ವಿಧೇಯಕವನ್ನು ರೇಗನ್ ತಿರಸ್ಕರಿಸಿದರು. ಅವರ ಸ್ವಪಕ್ಷದ ಅನೇಕ ಸದಸ್ಯರೂ ಸೇರಿ ಮೂರನೆಯ ಎರಡರಷ್ಟು ಬಹುಮತದಿಂದ ಕಾಂಗ್ರೆಸ್ ಅದನ್ನು ಮತ್ತೆ ಅಂಗೀಕರಿಸಿತು. ನಿರ್ಬಂಧಗಳ ಜೊತೆಗೆ ವರ್ಣಭೇದದಿಂದ ನೊಂದವರಿಗೆ ವಿದ್ಯಾರ್ಥಿವೇತನ ಮುಂತಾದ ಸಹಾಯವೂ ಇದರಲ್ಲಿತ್ತು. 1989ರಲ್ಲಿ ಪೋಲೆಂಡ್ ಹಾಗೂ ಹಂಗೇರಿಗಳಿಗಾಗಿ ಪೂರ್ವ ಯುರೋಪಿನ ಪ್ರಜಾಪ್ರಭುತ್ವ ಬೆಂಬಲ ಕಾಯಿದೆಯೂ, 1992ರಲ್ಲಿ ಹಿಂದಿನ ಸೋವಿಯತ್ ಗಣರಾಜ್ಯಗಳಿಗಾಗಿ ಸ್ವಾತಂತ್ರ್ಯ ಬೆಂಬಲ ಕಾಯಿದೆಯೂ ಬಂದವು.

ಚುನಾಯಿತ ಸರ್ಕಾರವನ್ನು ಸೇನೆಯು ಉರುಳಿಸಿದರೆ ಆ ದೇಶದ ಸರ್ಕಾರಕ್ಕೆ ನೆರವು ನಿಲ್ಲಿಸಬೇಕೆಂಬ ನಿಯಮವು 1980ರ ದಶಕದಿಂದ ವಾರ್ಷಿಕ ವಿಧೇಯಕದಲ್ಲಿ ಸೇರುತ್ತ ಬಂದಿದೆ. 2012ರಲ್ಲಿ ಮಾಲಿ, 2014ರಲ್ಲಿ ಥಾಯ್ಲೆಂಡ್, 2021ರಲ್ಲಿ ಮ್ಯಾನ್ಮಾರ್ ಹಾಗೂ 2023ರಲ್ಲಿ ನೈಜರ್ ಕ್ಷಿಪ್ರಕ್ರಾಂತಿಗಳ ನಂತರ ಇದು ಅನ್ವಯವಾಯಿತು. 2013ರಲ್ಲಿ ಈಜಿಪ್ಟಿನ ಸೇನೆಯು ಅಧ್ಯಕ್ಷ ಮುಹಮ್ಮದ್ ಮೊರ್ಸಿಯವರನ್ನು ಪದಚ್ಯುತಗೊಳಿಸಿದಾಗ ಮಾತ್ರ ಒಬಾಮಾ ಆಡಳಿತವು ಅದು ಕ್ಷಿಪ್ರಕ್ರಾಂತಿಯೇ ಅಲ್ಲವೇ ಎಂಬುದನ್ನು ನಿರ್ಧರಿಸುವ ಗೋಜಿಗೇ ಹೋಗಲಿಲ್ಲ. ಕಾನೂನಿನಲ್ಲಿರುವ ಒಂದು ಪದವನ್ನು ಉಚ್ಚರಿಸದೆ ಇರುವುದರಿಂದಲೇ ಶಾಸಕರ ಆಶಯವನ್ನು ತಪ್ಪಿಸಬಹುದೆಂಬುದು ಇದರಿಂದ ತಿಳಿದುಬಂದಿತು.

2005ರಲ್ಲಿ ಪ್ರತಿನಿಧಿಗಳ ಸಭೆಯು ಡೇವಿಡ್ ಡ್ರೈಯರ್ ಹಾಗೂ ಡೇವಿಡ್ ಪ್ರೈಸ್ ಅವರ ಮುಂದಾಳುತನದಲ್ಲಿ ಉಭಯಪಕ್ಷೀಯ ಆಯೋಗವೊಂದನ್ನು ರಚಿಸಿತು. ಹೊಸ ಪ್ರಜಾಪ್ರಭುತ್ವಗಳ ಸಂಸತ್ತುಗಳೊಡನೆ ನೇರ ಸಂಪರ್ಕ ಬೆಳೆಸಿ ಸಮಿತಿ ವ್ಯವಸ್ಥೆ, ಆಯವ್ಯಯ ಪರಿಶೀಲನೆ, ಗ್ರಂಥಾಲಯ ಮತ್ತು ಸಂಶೋಧನಾ ಸೇವೆಗಳ ಅನುಭವವನ್ನು ಹಂಚಿಕೊಳ್ಳುವುದು ಇದರ ಕಾರ್ಯ.

ಅಭಿವೃದ್ಧಿಯ ಎರಡು ಪ್ರಯೋಗಗಳು

2003ರ ಮೇ ತಿಂಗಳಲ್ಲಿ ಏಡ್ಸ್ ಪರಿಹಾರ ಯೋಜನೆಯ ಕಾಯಿದೆ ಅಂಗೀಕಾರವಾಯಿತು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಪ್ರಸ್ತಾಪಿಸಿದ ಈ ಯೋಜನೆಗೆ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಅಧಿಕೃತವಾಯಿತು. ಪ್ರತಿನಿಧಿಗಳ ಸಭೆಯಲ್ಲಿ ರಿಪಬ್ಲಿಕನ್ ಪಕ್ಷದ ಹೆನ್ರಿ ಹೈಡ್ ಮತ್ತು ಡೆಮಾಕ್ರಟಿಕ್ ಪಕ್ಷದ ಟಾಮ್ ಲ್ಯಾಂಟೋಸ್ ಜೊತೆಯಾಗಿ ಇದನ್ನು ಮುನ್ನಡೆಸಿದರು. ಆಫ್ರಿಕದ ದೇಶಗಳಲ್ಲಿ ಏಡ್ಸ್ ಔಷಧಿಯನ್ನು ಸಾಮಾನ್ಯ ಜನರಿಗೆ ಎಟುಕಿಸಿದ ಈ ಯೋಜನೆಯು 2.5 ಕೋಟಿ ಜನರ ಪ್ರಾಣ ಉಳಿಸಿದೆಯೆಂದು ಅಮೆರಿಕ ಸರ್ಕಾರ ಅಂದಾಜಿಸಿದೆ.

2004ರ ಜನವರಿಯಲ್ಲಿ ಕಾಂಗ್ರೆಸ್ ಸಹಸ್ರಮಾನ ಸವಾಲು ನಿಗಮವನ್ನು ಸ್ಥಾಪಿಸಿತು. ನ್ಯಾಯಸಮ್ಮತ ಆಡಳಿತ, ಜನರ ಆರೋಗ್ಯ-ಶಿಕ್ಷಣಗಳಿಗೆ ವೆಚ್ಚ, ಆರ್ಥಿಕ ಸ್ವಾತಂತ್ರ್ಯ ಎಂಬ ಮೂರು ಬಗೆಯ ಅಳತೆಗೋಲುಗಳಲ್ಲಿ ಉತ್ತೀರ್ಣವಾದ ಬಡ ದೇಶಗಳಿಗೆ ಮಾತ್ರ ಇದು ದೊಡ್ಡ ಅನುದಾನ ಕೊಡುತ್ತದೆ. ಕ್ಷಿಪ್ರಕ್ರಾಂತಿಯ ಕಾರಣದಿಂದ 2009ರಲ್ಲಿ ಮಡಗಾಸ್ಕರಿನ ಒಪ್ಪಂದವನ್ನೂ 2012ರಲ್ಲಿ ಮಾಲಿಯ ಒಪ್ಪಂದವನ್ನೂ ಇದು ಕೊನೆಗೊಳಿಸಿತು. ನೇಪಾಳದೊಡನೆ 2017ರಲ್ಲಿ ಮಾಡಿಕೊಂಡ 50 ಕೋಟಿ ಡಾಲರುಗಳ ಒಪ್ಪಂದವು ವಿದ್ಯುತ್ ಪ್ರಸರಣ ಮಾರ್ಗ ಹಾಗೂ ರಸ್ತೆಗಳಿಗೆ ಸಂಬಂಧಿಸಿದ್ದು. ದೇಶದ ಸಾರ್ವಭೌಮತ್ವಕ್ಕೆ ಧಕ್ಕೆಯೆಂಬ ಆರೋಪದಿಂದ ಕಠ್ಮಂಡುವಿನ ಬೀದಿಗಳಲ್ಲಿ ಪ್ರತಿಭಟನೆಗಳು ನಡೆದವು. ಕೊನೆಗೆ 2022ರ ಫೆಬ್ರವರಿ 27ರಂದು ನೇಪಾಳದ ಸಂಸತ್ತು ತನ್ನದೇ ವ್ಯಾಖ್ಯಾನಾತ್ಮಕ ಘೋಷಣೆಯೊಡನೆ ಇದನ್ನು ಅನುಮೋದಿಸಿತು. ನೆರವಿನ ವಿಷಯದಲ್ಲಿ ಕೊಡುವ ದೇಶದ ಶಾಸಕರಂತೆ ಪಡೆಯುವ ದೇಶದ ಶಾಸಕರಿಗೂ ಮಾತಿದೆಯೆಂಬುದಕ್ಕೆ ಇದು ನಿದರ್ಶನ.

ಭಾರತ ಮತ್ತು ಕರ್ನಾಟಕದ ಸಂಬಂಧ

ಸ್ವಾತಂತ್ರ್ಯಾನಂತರದ ಧಾನ್ಯಾಭಾವದ ಕಾಲದಲ್ಲಿ ಭಾರತವು ಅಮೆರಿಕವನ್ನು 20 ಲಕ್ಷ ಟನ್ ಧಾನ್ಯಕ್ಕಾಗಿ ಕೇಳಿಕೊಂಡಿತು. ಕೊರಿಯಾ ಯುದ್ಧದಲ್ಲಿ ಜವಾಹರಲಾಲ್ ನೆಹರೂ ಅವರ ಅಲಿಪ್ತ ನಿಲುವನ್ನು ಒಪ್ಪದ ಶಾಸಕರು ತಿಂಗಳುಗಟ್ಟಲೆ ಚರ್ಚೆ ನಡೆಸಿದರು. ದಾನವಾಗಬೇಕಿದ್ದುದು ಸಾಲವಾಗಿ ಮಾರ್ಪಟ್ಟು, 1951ರ ಜೂನ್ 15ರಂದು 19 ಕೋಟಿ ಡಾಲರುಗಳ ಭಾರತ ತುರ್ತು ಆಹಾರ ನೆರವು ಕಾಯಿದೆ ಜಾರಿಯಾಯಿತು. 1958ರಲ್ಲಿ ಸೆನೆಟರ್ ಆಗಿದ್ದ ಜಾನ್ ಕೆನಡಿ ಮತ್ತು ಭಾರತದಲ್ಲಿ ರಾಯಭಾರಿಯಾಗಿದ್ದ ಸೆನೆಟರ್ ಜಾನ್ ಶೆರ್ಮನ್ ಕೂಪರ್ ಭಾರತದ ಎರಡನೆಯ ಪಂಚವಾರ್ಷಿಕ ಯೋಜನೆಗೆ ಬೆಂಬಲ ಕೋರುವ ಜಂಟಿ ನಿರ್ಣಯವನ್ನು ಮಂಡಿಸಿದರು.

1954ರ ಜುಲೈ 10ರ ಕೃಷಿ ವ್ಯಾಪಾರ ಕಾಯಿದೆಯು ಪಿಎಲ್-480 ಎಂಬ ಹೆಸರಿನಿಂದ ಭಾರತದಲ್ಲಿ ಮನೆಮಾತಾಯಿತು. ಅಮೆರಿಕದ ರೈತರ ಹೆಚ್ಚುವರಿ ಧಾನ್ಯವನ್ನು ಡಾಲರಿಗೆ ಬದಲಾಗಿ ರೂಪಾಯಿಗೆ ಮಾರಲು ಇದು ಅವಕಾಶ ನೀಡಿತು. 1965ರಿಂದ 1967ರವರೆಗಿನ ಬರಗಾಲದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಧಾನ್ಯದ ಹಡಗುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡುಗಡೆ ಮಾಡುತ್ತ ಭಾರತದ ಕೃಷಿ ನೀತಿಯ ಮೇಲೆ ಒತ್ತಡ ತಂದರು. ಈ ಅವಮಾನದ ನೆನಪು ಆಹಾರ ಸ್ವಾವಲಂಬನೆಯ ಹಂಬಲವನ್ನು ಬಲಪಡಿಸಿತು. ಸಂಗ್ರಹವಾಗಿದ್ದ ರೂಪಾಯಿಗಳ ದೊಡ್ಡ ಭಾಗವನ್ನು, 1,600 ಕೋಟಿ ರೂಪಾಯಿಗಳಿಗೂ ಹೆಚ್ಚಿನ ಮೊತ್ತವನ್ನು, 1974ರಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಒಂದೇ ಚೆಕ್ಕಿನ ಮೂಲಕ ಭಾರತ ಸರ್ಕಾರಕ್ಕೆ ಹಿಂದಿರುಗಿಸಿದರು.

ಇದೇ ಕಾನೂನಿನ ಮತ್ತೊಂದು ಭಾಗದಡಿ ಕೇರ್ ಸಂಸ್ಥೆಯ ಮೂಲಕ ಬಂದ ಗೋಧಿನುಚ್ಚು ಮತ್ತು ಹಾಲಿನ ಪುಡಿಯಿಂದ ಅಂದಿನ ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಉಪ್ಪಿಟ್ಟು ಹಾಗೂ ಹಾಲು ಕೊಡಲಾಗುತ್ತಿತ್ತು. ಕರ್ನಾಟಕದ ಹೊಲಬದುಗಳಲ್ಲಿ ಕಾಂಗ್ರೆಸ್ ಕಳೆ ಎಂದು ಕರೆಯಲಾಗುವ ಪಾರ್ಥೇನಿಯಂ ಗಿಡವು ಈ ಗೋಧಿಯೊಡನೆ ಬಂದಿತೆಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನಿಗೆ 1958ರಲ್ಲಿ ಆದ ತಿದ್ದುಪಡಿಯಿಂದ ಸಂಗ್ರಹವಾದ ರೂಪಾಯಿಗಳಲ್ಲಿ ಭಾರತೀಯ ಪುಸ್ತಕಗಳನ್ನು ಕೊಳ್ಳಲು ಅವಕಾಶವಾಯಿತು. 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ನವದೆಹಲಿ ಕಚೇರಿಯು ಕೊಂಡು ಕಳುಹಿಸಿದ ಪುಸ್ತಕಗಳಲ್ಲಿ ಕನ್ನಡ ಪುಸ್ತಕಗಳೂ ಸೇರಿದ್ದವು. ಅಮೆರಿಕದ ವಿಶ್ವವಿದ್ಯಾನಿಲಯಗಳ ಕನ್ನಡ ಸಂಗ್ರಹಗಳಿಗೆ ಇದು ಭದ್ರವಾದ ಅಡಿಪಾಯವಾಯಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಯುಎಸ್‌ಎಐಡಿ ನೆರವಿನಡಿ ಟೆನ್ನೆಸಿ ವಿಶ್ವವಿದ್ಯಾನಿಲಯದ ಸಹಕಾರ ದೊರೆಯಿತು.

1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ನಂತರ, 1994ರ ಗ್ಲೆನ್ ತಿದ್ದುಪಡಿಯ ಪ್ರಕಾರ ಭಾರತಕ್ಕೆ ಅಭಿವೃದ್ಧಿ ನೆರವು ನಿಂತಿತು. ಆದರೆ ಗೋಧಿ ಮಾರುಕಟ್ಟೆ ಕೈತಪ್ಪುವುದೆಂದು ಕಳವಳಗೊಂಡ ಶಾಸಕರು ಜುಲೈನಲ್ಲೇ ಕೃಷಿ ರಫ್ತಿಗೆ ವಿನಾಯಿತಿ ನೀಡಿದರು. ಉಳಿದ ನಿರ್ಬಂಧಗಳು 2001ರ ಸೆಪ್ಟೆಂಬರಿನಲ್ಲಿ ತೆರವಾದವು.

ಟೀಕೆಗಳು

* ನಿಗದಿಗಳ ಹೊರೆ: ಪ್ರತಿಯೊಂದು ಮೊತ್ತವೂ ಮೊದಲೇ ಗೊತ್ತಾಗಿರುವುದರಿಂದ ಸ್ಥಳೀಯ ಅಗತ್ಯಕ್ಕೆ ಹೊಂದಿಸಿಕೊಳ್ಳಲು ಅಧಿಕಾರಿಗಳಿಗೆ ಅವಕಾಶವಿಲ್ಲ ಎಂಬ ದೂರು ಹಳೆಯದು.

* ಸ್ವದೇಶಿ ಹಿತಾಸಕ್ತಿ: ಆಹಾರ ನೆರವಿನ ಧಾನ್ಯದ ಬಹುಪಾಲನ್ನು ಅಮೆರಿಕದಲ್ಲೇ ಕೊಳ್ಳಬೇಕು, ಕನಿಷ್ಠ ಅರ್ಧದಷ್ಟನ್ನು ಅಮೆರಿಕದ ಹಡಗುಗಳಲ್ಲೇ ಸಾಗಿಸಬೇಕು ಎಂಬ ನಿಯಮಗಳಿಂದ ವೆಚ್ಚವೂ ವಿಳಂಬವೂ ಹೆಚ್ಚುತ್ತವೆಯೆಂದು ಲೆಕ್ಕಪರಿಶೋಧಕರು ತೋರಿಸಿದ್ದಾರೆ.

* ಇಬ್ಬಗೆಯ ನೀತಿ: ದುರ್ಬಲ ದೇಶಗಳಿಗೆ ಅನ್ವಯವಾಗುವ ಷರತ್ತು ಮಿತ್ರ ದೇಶಗಳಿಗೆ ಅನ್ವಯವಾಗುವುದಿಲ್ಲ ಎಂಬುದು ಮಾನವ ಹಕ್ಕು ಸಂಘಟನೆಗಳ ಆಕ್ಷೇಪ.

* ಹಸ್ತಕ್ಷೇಪದ ಆರೋಪ: ಪ್ರಜಾಪ್ರಭುತ್ವದ ಹೆಸರಿನ ನೆರವು ಆಂತರಿಕ ವ್ಯವಹಾರದಲ್ಲಿ ಕೈಹಾಕುವ ಉಪಾಯವೆಂದು ಹಲವು ಸರ್ಕಾರಗಳು ದೂರಿವೆ. 2012ರಲ್ಲಿ ರಷ್ಯಾ ಮತ್ತು 2013ರಲ್ಲಿ ಬೊಲಿವಿಯಾ ಯುಎಸ್‌ಎಐಡಿಯನ್ನು ಹೊರಹಾಕಿದವು. 2009ರ ಕೆರಿ-ಲುಗಾರ್-ಬರ್ಮನ್ ಕಾಯಿದೆಯು ಪಾಕಿಸ್ತಾನಕ್ಕೆ ವರ್ಷಕ್ಕೆ 150 ಕೋಟಿ ಡಾಲರಿನಂತೆ ಐದು ವರ್ಷ ನಾಗರಿಕ ನೆರವು ಅಧಿಕೃತಗೊಳಿಸಿದಾಗ, ಸೇನೆಯ ಮೇಲೆ ನಾಗರಿಕ ಸರ್ಕಾರದ ಹಿಡಿತವನ್ನು ಪ್ರಸ್ತಾಪಿಸಿದ ಅಂಶಗಳನ್ನು ಪಾಕಿಸ್ತಾನದ ಸೇನೆ ಬಹಿರಂಗವಾಗಿ ವಿರೋಧಿಸಿತು.

ಕಾರ್ಯಾಂಗದೊಡನೆ ಸಂಘರ್ಷ

ಮಂಜೂರಾದ ಹಣವನ್ನು ಅಧ್ಯಕ್ಷರು ವೆಚ್ಚ ಮಾಡದೆ ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ 1974ರ ಹಣ ತಡೆಹಿಡಿಕೆ ನಿಯಂತ್ರಣ ಕಾಯಿದೆ ಬಂದಿತು. ಇದರ ಪ್ರಕಾರ ಹಣವನ್ನು ರದ್ದುಪಡಿಸಲು ಅಧ್ಯಕ್ಷರು ಕಾಂಗ್ರೆಸ್ಸನ್ನು ಕೋರಬೇಕು. ಅಧಿವೇಶನದ 45 ದಿನಗಳೊಳಗೆ ಒಪ್ಪಿಗೆ ಸಿಗದಿದ್ದರೆ ಹಣವನ್ನು ಬಿಡುಗಡೆ ಮಾಡಬೇಕು. 2019ರಲ್ಲಿ ಉಕ್ರೇನಿನ ಭದ್ರತಾ ನೆರವನ್ನು ತಡೆಹಿಡಿದದ್ದು ಈ ಕಾಯಿದೆಯ ಉಲ್ಲಂಘನೆಯೆಂದು ಸರ್ಕಾರಿ ಹೊಣೆಗಾರಿಕೆ ಕಚೇರಿ 2020ರ ಜನವರಿಯಲ್ಲಿ ತೀರ್ಮಾನಿಸಿತು.

2025ರ ಜನವರಿ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಭಿವೃದ್ಧಿ ನೆರವನ್ನು 90 ದಿನಗಳ ಕಾಲ ಸ್ಥಗಿತಗೊಳಿಸುವ ಆದೇಶ ಹೊರಡಿಸಿದರು. ಮಾರ್ಚ್ ವೇಳೆಗೆ ಯುಎಸ್‌ಎಐಡಿ ಕಾರ್ಯಕ್ರಮಗಳಲ್ಲಿ ಶೇಕಡ 83ರಷ್ಟನ್ನು ರದ್ದುಗೊಳಿಸಲಾಗಿದೆಯೆಂದು ವಿದೇಶಾಂಗ ಕಾರ್ಯದರ್ಶಿ ಮಾರ್ಕೋ ರೂಬಿಯೋ ಪ್ರಕಟಿಸಿದರು. ಜುಲೈ 1ರಿಂದ ಉಳಿದ ಕಾರ್ಯಗಳು ವಿದೇಶಾಂಗ ಇಲಾಖೆಗೆ ಸೇರಿದವು. ಜುಲೈ 24ರಂದು ಜಾರಿಯಾದ ರದ್ದತಿ ಕಾಯಿದೆಯ ಮೂಲಕ ಕಾಂಗ್ರೆಸ್ ತಾನೇ ಮಂಜೂರು ಮಾಡಿದ್ದ ಸುಮಾರು 900 ಕೋಟಿ ಡಾಲರುಗಳನ್ನು ಹಿಂಪಡೆಯಿತು. ಇದರಲ್ಲಿ ಸುಮಾರು 800 ಕೋಟಿ ವಿದೇಶಿ ನೆರವಿಗೆ ಸೇರಿದ್ದು. ಸೆನೆಟ್ಟಿನಲ್ಲಿ 51-48, ಪ್ರತಿನಿಧಿಗಳ ಸಭೆಯಲ್ಲಿ 216-213 ಮತಗಳಿಂದ ಇದು ಅಂಗೀಕಾರವಾಯಿತು. ಏಡ್ಸ್ ಯೋಜನೆಯ 40 ಕೋಟಿ ಡಾಲರುಗಳ ಕಡಿತವನ್ನು ಮಾತ್ರ ಸೆನೆಟ್ ಸದಸ್ಯರು ಕೈಬಿಡಿಸಿದರು. ಆಗಸ್ಟ್ ಕೊನೆಯಲ್ಲಿ ಆಡಳಿತವು ಇನ್ನೂ 490 ಕೋಟಿ ಡಾಲರುಗಳ ರದ್ದತಿಯನ್ನು ಕೋರಿತು. 45 ದಿನಗಳು ಮುಗಿಯುವ ಮೊದಲೇ ಆರ್ಥಿಕ ವರ್ಷ ಕೊನೆಗೊಳ್ಳುತ್ತಿದ್ದುದರಿಂದ ಕಾಂಗ್ರೆಸ್ ಒಪ್ಪದಿದ್ದರೂ ಹಣ ತಾನಾಗಿಯೇ ಕಾಲಬಾಧಿತವಾಗುವಂತಿತ್ತು. ಸೆಪ್ಟೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ಆ ಹಣವನ್ನು ತಡೆಹಿಡಿಯಲು ಮಧ್ಯಂತರ ಅವಕಾಶ ನೀಡಿತು. ಶಾಸಕರು ಮಂಜೂರು ಮಾಡಿದ ಹಣ ಅವರ ಇಚ್ಛೆಯಂತೆ ವ್ಯಯವಾಗಲೇಬೇಕೇ ಎಂಬ ಪ್ರಶ್ನೆ ಇದರಿಂದ ಹೊಸ ತೀವ್ರತೆ ಪಡೆಯಿತು. ಔಷಧಿಗೂ ಆಹಾರಕ್ಕೂ ಈ ನೆರವನ್ನೇ ನೆಚ್ಚಿಕೊಂಡಿದ್ದ ದೇಶಗಳ ಜನರಿಗೆ ಅದು ಸಂವಿಧಾನದ ಚರ್ಚೆಯಷ್ಟೇ ಆಗಿ ಉಳಿಯಲಿಲ್ಲ.

ಇತರ ದೇಶಗಳಲ್ಲಿ

ಸಂಸದೀಯ ಪದ್ಧತಿಯ ದೇಶಗಳಲ್ಲಿ ಸರ್ಕಾರಕ್ಕೆ ಸದನದಲ್ಲಿ ಬಹುಮತವಿರುವುದರಿಂದ ಶಾಸಕರು ನೆರವನ್ನು ವಿವರವಾಗಿ ನಿರ್ದೇಶಿಸುವುದು ಕಡಿಮೆ. ಬ್ರಿಟನ್ನಿನಲ್ಲಿ ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ ನೀಡಿದ ನೆರವು ಕಾನೂನುಬಾಹಿರವೆಂದು 1994ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2002ರ ಅಂತರರಾಷ್ಟ್ರೀಯ ಅಭಿವೃದ್ಧಿ ಕಾಯಿದೆಯು ಬಡತನ ನಿವಾರಣೆಯನ್ನೇ ನೆರವಿನ ಉದ್ದೇಶವೆಂದು ಸಾರಿತು. 2015ರ ಕಾಯಿದೆಯು ರಾಷ್ಟ್ರೀಯ ವರಮಾನದ ಶೇಕಡ 0.7ರಷ್ಟನ್ನು ನೆರವಿಗೆ ಮೀಸಲಿಡುವ ಗುರಿಯನ್ನು ಕಾನೂನಾಗಿಸಿತು. ಸರ್ಕಾರವು ಇದನ್ನು ಶೇಕಡ 0.5ಕ್ಕೆ ಇಳಿಸಿದಾಗ, 2021ರ ಜುಲೈ 13ರಂದು ಕಾಮನ್ಸ್ ಸಭೆ 333-298 ಮತಗಳಿಂದ ಅದನ್ನು ಒಪ್ಪಿತು.

ಭಾರತವೂ ಈಗ ನೆರವು ನೀಡುವ ದೇಶವಾಗಿದೆ. 1964ರಲ್ಲಿ ಆರಂಭವಾದ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮ, ಭೂತಾನಿಗೆ ನೀಡುವ ಅನುದಾನ, 2015ರಲ್ಲಿ ಉದ್ಘಾಟನೆಯಾದ ಕಾಬೂಲಿನ ಸಂಸತ್ ಭವನ ಇದಕ್ಕೆ ಉದಾಹರಣೆಗಳು. ಇದರ ಹಣ ವಿದೇಶಾಂಗ ಸಚಿವಾಲಯದ ಅನುದಾನ ಬೇಡಿಕೆಯ ಭಾಗವಾಗಿ ಲೋಕಸಭೆಯ ಒಪ್ಪಿಗೆ ಪಡೆಯುತ್ತದೆ. ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯೀ ಸಮಿತಿಯು ಅದನ್ನು ಪರಿಶೀಲಿಸಿ ವರದಿ ನೀಡುತ್ತದೆ.

ಇವನ್ನೂ ನೋಡಿ

* ಮಾರ್ಷಲ್ ಯೋಜನೆ
* ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನ
* ಅಮೆರಿಕದ ಸೆನೆಟ್
* ಪಂಚವಾರ್ಷಿಕ ಯೋಜನೆಗಳು
* ಹಸಿರು ಕ್ರಾಂತಿ